ಹೋಂಸ್ಟೇ ಮತ್ತು ತೋಟದ ಕಚೇರಿಯ ಕಂಪ್ಯೂಟರಿಗೆ ಕನ್ನ ಬೀಳದಂತೆ: ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ಸಣ್ಣ ಹೋಂಸ್ಟೇಯ ಕಚೇರಿ ಕೋಣೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಂಪ್ಯೂಟರ್. ಅತಿಥಿಗಳ ಆಧಾರ್ ಮತ್ತು ಪಾಸ್‌ಪೋರ್ಟ್ ಪ್ರತಿಗಳು, ಬುಕಿಂಗ್ ತಾಣದ ಖಾತೆ, ಬ್ಯಾಂಕಿನ ಲಾಗಿನ್, ಟ್ಯಾಲಿಯಲ್ಲಿರುವ ತೋಟದ ಲೆಕ್ಕ, ರೈಟರ್ ಎಂದು ಕರೆಯುವ ತೋಟದ ಗುಮಾಸ್ತ ತುಂಬಿಸುವ ಹಾಜರಿ ಮತ್ತು ಬಟವಾಡೆಯ ಎಕ್ಸೆಲ್ ಹಾಳೆಗಳು, ಕಾಫಿ ಕಣದ ಕ್ಯಾಮೆರಾ ದೃಶ್ಯ, ಎಲ್ಲವೂ ಅದರಲ್ಲೇ ಇರುತ್ತವೆ. ಅದೇ ಕಂಪ್ಯೂಟರಿಗೆ ಇಂಟರ್ನೆಟ್ ಕೊಡುವ ರೌಟರ್‌ನ ವೈಫೈ ಪಾಸ್‌ವರ್ಡ್ ಮಾತ್ರ ಪ್ರತಿ ಕಾಟೇಜಿನ ಗೋಡೆಯ ಮೇಲೂ ಅಂಟಿಸಿರುತ್ತದೆ. ಅಪರಿಚಿತರು ಬಳಸುವ ಜಾಲವನ್ನೂ ಮನೆಯ ಲೆಕ್ಕಪತ್ರ ಇರುವ ಜಾಲವನ್ನೂ ಬೇರೆ ಮಾಡದ ಹೊರತು, ಎಷ್ಟು ದುಬಾರಿಯ ಆಂಟಿವೈರಸ್ ಹಾಕಿದರೂ ಅದು ಅರ್ಧ ಕೆಲಸವೇ ಆಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಕಂಪ್ಯೂಟರಿನಿಂದಲ್ಲ, ರೌಟರ್‌ನಿಂದ ಆರಂಭವಾಗುತ್ತದೆ.

ನಮ್ಮಂಥ ಸಣ್ಣವರ ಕಂಪ್ಯೂಟರ್ ಯಾರಿಗೆ ಬೇಕು ಎಂಬ ಮಾತನ್ನು ಮೊದಲು ಪಕ್ಕಕ್ಕಿಡಬೇಕು. ಕನ್ನ ಹಾಕುವವರು ಹೆಸರು ನೋಡಿ ಬರುವುದು ಅಪರೂಪ. ಅವರ ತಂತ್ರಾಂಶಗಳು ಇಂಟರ್ನೆಟ್ಟಿನಲ್ಲಿರುವ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟುತ್ತ ಹೋಗುತ್ತವೆ, ತೆರೆದುಕೊಂಡದ್ದು ಸಿಕ್ಕಿದರೆ ಒಳನುಗ್ಗುತ್ತವೆ. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಯಾರೂ ಏನನ್ನೂ ಕ್ಲಿಕ್ ಮಾಡದಿದ್ದರೂ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ದಾಟಿಕೊಂಡಿತು. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಎರಡು ತಿಂಗಳಲ್ಲಿ ಅದನ್ನು ಹಾಕಿಕೊಳ್ಳದೆ ಉಳಿದ ಯಂತ್ರಗಳು ಸಿಕ್ಕಿಬಿದ್ದವು.

ಮೊದಲ ಹಂತ: ರೌಟರ್

ಬ್ರಾಡ್‌ಬ್ಯಾಂಡ್ ಹಾಕಿಕೊಟ್ಟವರು ಹೋದ ಮೇಲೆ ರೌಟರ್‌ನ ಒಳಗೆ ಮತ್ತೆ ಇಣುಕಿ ನೋಡುವವರು ವಿರಳ. ಅದರ ಪುಟವನ್ನು ತೆರೆಯಲು ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಕಾಣುವ ಸಂಖ್ಯೆಯೇ ರೌಟರ್‌ನ ವಿಳಾಸ, ಹೆಚ್ಚಿನ ಕಡೆ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಅದನ್ನು ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಬರೆದರೆ ಲಾಗಿನ್ ಪುಟ ಬರುತ್ತದೆ. ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರ್‌ನ ತಳಭಾಗದ ಚೀಟಿಯಲ್ಲಿರುತ್ತವೆ. ಎರಡರಲ್ಲೂ ‘ಅಡ್ಮಿನ್’ ಎಂದೇ ಇದ್ದರೆ, ವೈಫೈಗೆ ಸೇರಿಕೊಂಡ ಯಾವ ಅತಿಥಿಯಾದರೂ ಕಾಟೇಜಿನಲ್ಲಿ ಕುಳಿತೇ ಈ ಪುಟವನ್ನು ತೆರೆಯಬಲ್ಲರು ಎಂದರ್ಥ. ಮೊದಲ ಕೆಲಸವಾಗಿ ಈ ಪಾಸ್‌ವರ್ಡನ್ನು ಬದಲಾಯಿಸಬೇಕು. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರ್‌ನ ಆಡಳಿತದ ಪಾಸ್‌ವರ್ಡ್. ಇವೆರಡೂ ಒಂದೇ ಎಂದು ತಿಳಿದು ಒಂದನ್ನಷ್ಟೇ ಬದಲಾಯಿಸಿ ಸುಮ್ಮನಾಗುವವರು ಬಹಳ.

ಆಮೇಲೆ ಫರ್ಮ್‌ವೇರ್ ಅಪ್‌ಡೇಟ್ ಎಂಬಲ್ಲಿಗೆ ಹೋಗಿ ರೌಟರ್ ಒಳಗಿನ ತಂತ್ರಾಂಶದ ಹೊಸ ಆವೃತ್ತಿ ಇದೆಯೇ ನೋಡಿ. ಮಧ್ಯದಲ್ಲಿ ಕರೆಂಟ್ ಹೋದರೆ ರೌಟರ್ ಕೆಟ್ಟುನಿಲ್ಲುವ ಸಾಧ್ಯತೆ ಇರುವುದರಿಂದ ಈ ಕೆಲಸವನ್ನು ಯುಪಿಎಸ್‌ಗೆ ಜೋಡಿಸಿಕೊಂಡೇ ಮಾಡಬೇಕು, ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಮಳೆಯಲ್ಲಂತೂ ಯುಪಿಎಸ್ ಇಲ್ಲದೆ ಕೈಹಾಕಲೇಬಾರದು. ವೈಫೈ ಭದ್ರತೆಯ ಆಯ್ಕೆಗಳಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಎಇಎಸ್ ಜೊತೆಗಿನ ಡಬ್ಲ್ಯುಪಿಎ2 ಅನ್ನು ಆರಿಸಿ. ಡಬ್ಲ್ಯುಇಪಿ ಎಂಬುದು ಕೆಲವೇ ನಿಮಿಷಗಳಲ್ಲಿ ಮುರಿಯಬಹುದಾದ ಹಳೆಯ ವಿಧಾನ, ಅದನ್ನು ಮಾತ್ರ ಕೊಡುವ ರೌಟರ್ ಇದ್ದರೆ ಗುಜರಿಗೆ ಹಾಕುವುದೇ ಸರಿ. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಜೋಡಿಸುವ ಡಬ್ಲ್ಯುಪಿಎಸ್, ಹೊರಗಿನಿಂದ ರೌಟರ್ ನಿಭಾಯಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್, ಒಳಗಿನ ಸಾಧನಗಳು ತಾವೇ ಹೊರಬಾಗಿಲು ತೆರೆದುಕೊಳ್ಳಲು ಅನುವು ಮಾಡುವ ಯುಪಿಎನ್‌ಪಿ, ಈ ಮೂರನ್ನೂ ಆಫ್ ಮಾಡಬೇಕು. ಹೊರಗಿನವರನ್ನು ಒಳಗಿನ ಸಾಧನಕ್ಕೆ ನೇರವಾಗಿ ಬಿಡುವ ಬಾಗಿಲುಗಳ, ಅಂದರೆ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಏನಾದರೂ ಸಾಲುಗಳಿದ್ದರೆ ಅವುಗಳನ್ನು ಯಾರು, ಏಕೆ ಹಾಕಿದರೆಂದು ಕೇಳಿ ತಿಳಿಯಿರಿ. ಉತ್ತರ ಸಿಗದಿದ್ದರೆ ಅಳಿಸಿಹಾಕಿ.

ಅತಿಥಿಗಳ ಜಾಲವನ್ನು ಬೇರೆ ಮಾಡುವುದು

ಈಚಿನ ಹೆಚ್ಚಿನ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯವಿದೆ. ಅದನ್ನು ಆನ್ ಮಾಡಿ, ಬೇರೆ ಹೆಸರು ಮತ್ತು ಬೇರೆ ಪಾಸ್‌ವರ್ಡ್ ಕೊಟ್ಟು, ಅತಿಥಿಗಳು ಸ್ಥಳೀಯ ಜಾಲವನ್ನು ತಲುಪಲು ಬಿಡುವ ಆಯ್ಕೆ ಇದ್ದರೆ ಅದನ್ನು ತೆಗೆಯಿರಿ. ಐಸೋಲೇಷನ್ ಎಂಬ ಆಯ್ಕೆಯೂ ಇದ್ದರೆ ಅದನ್ನು ಹಾಕಿ, ಆಗ ಒಬ್ಬ ಅತಿಥಿಯ ಲ್ಯಾಪ್‌ಟಾಪ್ ಇನ್ನೊಬ್ಬರ ಲ್ಯಾಪ್‌ಟಾಪನ್ನು ಕಾಣಲಾರದು. ಕಾಟೇಜುಗಳ ಗೋಡೆಗೆ ಅಂಟಿಸಬೇಕಾದದ್ದು ಈ ಜಾಲದ ಪಾಸ್‌ವರ್ಡ್ ಮಾತ್ರ. ಕಚೇರಿಯ ಜಾಲದ ಪಾಸ್‌ವರ್ಡ್ ಮನೆಯವರಿಗೂ ರೈಟರ್‌ಗೂ ಬಿಟ್ಟು ಇನ್ಯಾರಿಗೂ ತಿಳಿದಿರಬೇಕಾಗಿಲ್ಲ.

ಹಾಕಿದ್ದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಕ್ರಮ ಸರಳ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದನ್ನು ಅತಿಥಿಗಳ ವೈಫೈಗೆ ಸೇರಿಸಿ, ಬ್ರೌಸರ್‌ನಲ್ಲಿ ಮೊದಲು ರೌಟರ್‌ನ ವಿಳಾಸವನ್ನೂ ಆಮೇಲೆ ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ವಿಳಾಸವನ್ನೂ ತೆರೆಯಲು ಯತ್ನಿಸಿ. ಎರಡೂ ತೆರೆಯಬಾರದು. ಈ ಪರೀಕ್ಷೆಯನ್ನು ದೂರದ ಕಾಟೇಜಿನಲ್ಲಿ ನಿಂತು ಮತ್ತೊಮ್ಮೆ ಮಾಡುವುದು ಅಗತ್ಯ. ಏಕೆಂದರೆ ತೋಟದ ಇಳಿಜಾರಿನಲ್ಲಿ ಹರಡಿಕೊಂಡಿರುವ ಕಾಟೇಜುಗಳಿಗೆ ಸಿಗ್ನಲ್ ತಲುಪಿಸಲು ಹಾಕಿದ ಎಕ್ಸ್‌ಟೆಂಡರ್‌ಗಳು ಎಷ್ಟೋ ವೇಳೆ ಕಚೇರಿಯ ಜಾಲವನ್ನೇ ಮುಂದಕ್ಕೆ ದಾಟಿಸುತ್ತಿರುತ್ತವೆ, ಮುಖ್ಯ ರೌಟರ್ ಬಳಿ ಸರಿಯಾಗಿ ಕಂಡ ಬೇರ್ಪಡೆ ಅಲ್ಲಿ ಇರುವುದೇ ಇಲ್ಲ.

ಗೆಸ್ಟ್ ನೆಟ್‌ವರ್ಕ್ ಇಲ್ಲದ ಹಳೆಯ ರೌಟರ್ ಇರುವವರು ಇನ್ನೊಂದು ರೌಟರ್ ಕೊಳ್ಳುತ್ತಾರೆ, ಕೊಂಡು ಅದನ್ನು ಅತಿಥಿಗಳಿಗೆ ಕೊಡುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಎರಡನೆಯ ರೌಟರ್ ಮೊದಲನೆಯದರ ಹಿಂದೆ ಕುಳಿತಾಗ, ಹಿಂದಿನವರು ಮುಂದಿನ ಜಾಲವನ್ನು ತಲುಪಬಲ್ಲರು, ಮುಂದಿನವರು ಹಿಂದಕ್ಕೆ ಸುಲಭವಾಗಿ ಬರಲಾರರು. ಆದ್ದರಿಂದ ಹೊಸ ರೌಟರ್‌ನ ಹಿಂದೆ ಇರಬೇಕಾದದ್ದು ಕಚೇರಿಯ ಕಂಪ್ಯೂಟರ್. ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟ ಹಳೆಯ ರೌಟರ್ ಅತಿಥಿಗಳಿಗಿರಲಿ. ಹೊಸ ರೌಟರ್‌ನ ವ್ಯಾನ್ ಎಂದು ಗುರುತಿಸಿದ ಕಿಂಡಿಗೇ ತಂತಿ ಹಾಕಬೇಕು. ಲ್ಯಾನ್ ಕಿಂಡಿಗೆ ಹಾಕಿದರೆ ಎರಡೂ ಒಂದೇ ಜಾಲವಾಗಿಬಿಡಬಹುದು. ಇದು ಗೆಸ್ಟ್ ನೆಟ್‌ವರ್ಕಿನಷ್ಟು ಅಚ್ಚುಕಟ್ಟಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ರೌಟರ್ ಇಡುವ ಜಾಗವೂ ಭದ್ರತೆಯ ಭಾಗವೇ. ಊಟದ ಹಜಾರದ ಕಿಟಕಿಯ ಮೇಲಿಟ್ಟರೆ ಯಾರಾದರೂ ಪಿನ್ನಿನಿಂದ ರಿಸೆಟ್ ರಂಧ್ರವನ್ನು ಹತ್ತಾರು ಸೆಕೆಂಡು ಒತ್ತಿಹಿಡಿದರೆ ಸಾಕು, ಮೇಲೆ ಹೇಳಿದ ಶ್ರಮವೆಲ್ಲ ನೀರುಪಾಲಾಗಿ ಹಳೆಯ ಪಾಸ್‌ವರ್ಡ್ ಮರಳಿ ಬರುತ್ತದೆ. ಅದು ಬೀಗ ಹಾಕುವ ಕೋಣೆಯಲ್ಲಿರಲಿ.

ಕಣದ ಕ್ಯಾಮೆರಾಗಳು

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕಣದಲ್ಲಿ ಒಣಗುವಾಗ ಕಳವಿನ ಭಯಕ್ಕೆ ಕ್ಯಾಮೆರಾ ಹಾಕಿಸುವುದು ಈಗ ಸಾಮಾನ್ಯ. ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು ಫೋನಿನಲ್ಲೇ ಕಣವನ್ನು ನೋಡಲೆಂದು ಅಳವಡಿಸುವವರು ರೌಟರ್‌ನಲ್ಲಿ ಪೋರ್ಟ್ ತೆರೆದು, ಡಿವಿಆರ್‌ನ ಮೂಲ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟುಹೋಗುವುದುಂಟು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಬೆಳೆದದ್ದು ಇಂಥ ಸಾಧನಗಳಿಂದಲೇ. ಕಾರ್ಖಾನೆಯಿಂದ ಬಂದ ಅರುವತ್ತಕ್ಕೂ ಹೆಚ್ಚು ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಪಟ್ಟಿಯನ್ನು ಇಟ್ಟುಕೊಂಡು ಅದು ಜಗತ್ತಿನಾದ್ಯಂತ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕ ತಾಣಗಳ ಹೆಸರನ್ನು ಅವುಗಳ ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ನಡೆದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಡಿವಿಆರ್‌ನ ಪಾಸ್‌ವರ್ಡ್ ಬದಲಾಯಿಸಿ, ತೆರೆದ ಪೋರ್ಟ್ ಮುಚ್ಚಿಸಿ, ಫೋನಿನಲ್ಲಿ ನೋಡಲು ತಯಾರಕರದೇ ಆ್ಯಪ್ ಅಥವಾ ಗೂಢಲಿಪಿಯ ಖಾಸಗಿ ಸಂಪರ್ಕವಾದ ವಿಪಿಎನ್ ಬಳಸಿ. ಡಿವಿಆರ್ ಲೆಕ್ಕದ ಕಂಪ್ಯೂಟರಿರುವ ಜಾಲದಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಹಂತ: ಕಂಪ್ಯೂಟರ್

ಯಂತ್ರದಲ್ಲಿರುವ ವಿಂಡೋಸ್ ಯಾವುದೆಂದು ಮೊದಲು ನೋಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 8.1ಕ್ಕೆ 2023ರ ಜನವರಿ 10ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮಾಮೂಲಿ ಬೆಂಬಲ ನಿಂತುಹೋಗಿದೆ. ವಿಂಡೋಸ್ 10ರ ಮನೆಬಳಕೆದಾರರು ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಂಡು ಸ್ವಲ್ಪ ಕಾಲಾವಕಾಶ ಪಡೆಯಲು ಮೈಕ್ರೋಸಾಫ್ಟ್ ಅನುಕೂಲ ಮಾಡಿಕೊಟ್ಟಿತು. ಅದು ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವ ಅವಧಿಯೆಂದು ತಿಳಿಯಬೇಕೇ ಹೊರತು ಕಾಯಂ ಪರಿಹಾರವೆಂದಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲ. ಬರೀ ಬ್ರೌಸರ್ ಮತ್ತು ಪತ್ರವ್ಯವಹಾರಕ್ಕೆ ಬಳಸುವ ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಬಹುದು, ಟ್ಯಾಲಿ ಬೇಕಾದವರಿಗೆ ಹೊಸ ಯಂತ್ರವೇ ಗತಿ.

ಅಪ್‌ಡೇಟ್ ತಾನಾಗಿಯೇ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಕೇಬಲ್ ತಲುಪದ ಒಳಗಿನ ತೋಟಗಳಲ್ಲಿ ಫೋನಿನ ಹಾಟ್‌ಸ್ಪಾಟ್‌ನಿಂದ ಕಂಪ್ಯೂಟರ್ ನಡೆಸುವವರು ಡೇಟಾ ಉಳಿಸಲು ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿರುತ್ತಾರೆ, ಆಗ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಡೆಹಿಡಿಯುತ್ತದೆ. ಮೈಕ್ರೋಸಾಫ್ಟ್ ಮಾಸಿಕ ಅಪ್‌ಡೇಟ್‌ಗಳನ್ನು ತಿಂಗಳ ಎರಡನೆಯ ಮಂಗಳವಾರ ಹೊರಬಿಡುತ್ತದೆ. ಆ ವಾರ ಲ್ಯಾಪ್‌ಟಾಪನ್ನು ಮಡಿಕೇರಿಗೋ ಗೋಣಿಕೊಪ್ಪಲಿಗೋ ಒಯ್ದು, ನಂಬಿಕಸ್ಥರ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಅಪ್‌ಡೇಟ್ ಮುಗಿಸಿಕೊಂಡು ಬರುವುದು ಒಳ್ಳೆಯ ರೂಢಿ.

ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬಳಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ಎಂಬಲ್ಲಿ ರೈಟರ್‌ಗೆ ಒಂದು, ಮನೆಯ ಮಕ್ಕಳಿಗೆ ಒಂದು ಎಂಬಂತೆ ಸ್ಟ್ಯಾಂಡರ್ಡ್ ಖಾತೆಗಳನ್ನು ಮಾಡಿಕೊಡಿ. ಮಕ್ಕಳು ಆಟದ ಹೆಸರಿನಲ್ಲಿ ಏನನ್ನೋ ಇಳಿಸಿಕೊಂಡು ಚಲಾಯಿಸಿದರೂ, ಅದು ಇಡೀ ಯಂತ್ರವನ್ನು ಬದಲಾಯಿಸಹೊರಟಾಗ ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ವಿಂಡೋಸ್‌ನಲ್ಲೇ ಬರುವ ಡಿಫೆಂಡರ್ ಮತ್ತು ಫೈರ್‌ವಾಲ್ ಆನ್ ಆಗಿದ್ದರೆ ಸಣ್ಣ ಕಚೇರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ, ಅವಧಿ ಮುಗಿದ ಆಂಟಿವೈರಸ್ ಒಂದನ್ನು ವರ್ಷಗಟ್ಟಲೆ ಹಾಗೆಯೇ ಉಳಿಸಿಕೊಂಡಿರುವುದಕ್ಕಿಂತ ಅದು ಖಂಡಿತ ಮೇಲು. ವಿಂಡೋಸ್ ಸೆಕ್ಯೂರಿಟಿಯೊಳಗಿನ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬಲ್ಲಿ ಅಪರಿಚಿತ ತಂತ್ರಾಂಶಗಳು ಕಡತಗಳನ್ನು ತಿದ್ದದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ. ಲೆಕ್ಕದ ಫೋಲ್ಡರನ್ನು ಆ ಪಟ್ಟಿಗೆ ಸೇರಿಸಿದ ಮೇಲೆ ಟ್ಯಾಲಿ ತೆರೆಯದೆ ತಕರಾರು ಮಾಡಿದರೆ, ಅದನ್ನು ಅನುಮತಿಸಿದ ಆ್ಯಪ್‌ಗಳ ಪಟ್ಟಿಗೆ ಹಾಕಬೇಕಾಗುತ್ತದೆ.

ಇನ್ನು ಇನ್‌ಸ್ಟಾಲ್ ಆಗಿರುವ ತಂತ್ರಾಂಶಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ಎನಿಡೆಸ್ಕ್, ಟೀಮ್‌ವ್ಯೂವರ್‌ಗಳು ಕಂಡರೆ ವಿಚಾರಿಸಿ. ಲೆಕ್ಕದ ತಂತ್ರಾಂಶ ಸರಿಮಾಡಲು ದೂರದಿಂದ ಒಳಬಂದವರು, ಯಾರೂ ಎದುರಿಲ್ಲದಾಗಲೂ ಪ್ರವೇಶಿಸಬಹುದಾದ ಪಾಸ್‌ವರ್ಡ್ ಇಟ್ಟುಹೋಗಿರಬಹುದು. ಅಂಥದ್ದನ್ನು ತೆಗೆದುಹಾಕಿ, ಮುಂದೆ ಬೇಕಾದಾಗ ಹೊಸದಾಗಿ ಹಾಕಿಕೊಂಡು ಕೆಲಸ ಮುಗಿದೊಡನೆ ಅಳಿಸಿ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಕೂಡ ಆಫ್ ಇರಲಿ, ಅದು ಬಳಸುವ 3389 ಸಂಖ್ಯೆಯ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ರ‍್ಯಾನ್ಸಮ್‌ವೇರ್ ಗುಂಪುಗಳಿಗೆ ಅತ್ಯಂತ ಪರಿಚಿತವಾದ ದಾರಿ. ಕ್ರ್ಯಾಕ್ ಮಾಡಿದ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಇನ್‌ಸ್ಟಾಲ್ ಮಾಡುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂದು ಕೇಳುವ ಯಾವುದನ್ನೂ ಹಾಕಬಾರದು. ಪ್ರಾಸಂಗಿಕವಾಗಿ ಹೇಳುವುದಾದರೆ, ಕನ್ನಡ ಟೈಪ್ ಮಾಡಲೆಂದು ನುಡಿ ತಂತ್ರಾಂಶವನ್ನು ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ. ವಿಂಡೋಸ್‌ನಲ್ಲೇ ಕನ್ನಡದ ಕೀಲಿಮಣೆ ಇದೆ.

ಅತಿಥಿಯ ದೂರು ಎಂಬ ಮೇಲ್

ಬಾಗಿಲುಗಳೆಲ್ಲ ಮುಚ್ಚಿದ ಮೇಲೂ ಒಳಗಿನವರೇ ಕರೆದುಕೊಳ್ಳುವ ಕಳ್ಳನೊಬ್ಬ ಉಳಿಯುತ್ತಾನೆ. ವಸತಿ ಉದ್ಯಮದವರನ್ನೇ ಹುಡುಕಿಕೊಂಡು ಬಂದ ಒಂದು ವಂಚನೆಯ ಕುರಿತು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ವಿವರವಾದ ವರದಿ ಪ್ರಕಟಿಸಿತು. 2024ರ ಡಿಸೆಂಬರಿನಲ್ಲಿ ಗುರುತಿಸಲಾದ ಅದು ದಕ್ಷಿಣ ಏಷ್ಯಾದ ಸಂಸ್ಥೆಗಳನ್ನೂ ಮುಟ್ಟಿತ್ತು. ಬುಕಿಂಗ್ ಡಾಟ್ ಕಾಮ್ ಹೆಸರನ್ನು ವಂಚಕರು ಕದ್ದು ಬಳಸಿ ಮೇಲ್ ಕಳುಹಿಸುತ್ತಿದ್ದರು. ಅತಿಥಿಯೊಬ್ಬರು ಕೆಟ್ಟ ವಿಮರ್ಶೆ ಬರೆದಿದ್ದಾರೆ, ಉತ್ತರಿಸಿ ಎಂದೋ, ಖಾತೆಯನ್ನು ದೃಢೀಕರಿಸಿ ಎಂದೋ ಅದರಲ್ಲಿರುತ್ತಿತ್ತು. ಲಿಂಕ್ ಒತ್ತಿದರೆ ‘ನಾನು ರೋಬಾಟ್ ಅಲ್ಲ’ ಎಂಬ ಪುಟ. ಅದು ಚಿತ್ರ ಗುರುತಿಸಲು ಹೇಳುವುದಿಲ್ಲ, ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ ಎನ್ನುತ್ತದೆ. ಪುಟವು ಸದ್ದಿಲ್ಲದೆ ಕ್ಲಿಪ್‌ಬೋರ್ಡಿಗೆ ಸೇರಿಸಿದ ಆದೇಶವನ್ನು ಬಳಕೆದಾರರೇ ತಮ್ಮ ಕೈಯಾರೆ ರನ್ ಪೆಟ್ಟಿಗೆಗೆ ಅಂಟಿಸಿ ಚಲಾಯಿಸುತ್ತಾರೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಹೊತ್ತೊಯ್ಯುವ ಕುತಂತ್ರಾಂಶ ಒಳಗೆ ಇಳಿಯುತ್ತದೆ.

ಈ ಮೂರು ಕೀಲಿಗಳ ಸರಣಿಯನ್ನು ಯಾವ ನಿಜವಾದ ತಾಣವೂ ಕೇಳುವುದಿಲ್ಲ ಎಂಬುದನ್ನು ರಿಸೆಪ್ಷನ್‌ನಲ್ಲಿ ಕೂರುವವರಿಗೆ ಕುಳ್ಳಿರಿಸಿ ತೋರಿಸಿಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು. ಬುಕಿಂಗ್ ತಾಣದಿಂದ ಬಂದ ಮೇಲ್‌ನ ಲಿಂಕ್ ಒತ್ತದೆ, ಬ್ರೌಸರ್‌ನಲ್ಲಿ ನೀವೇ ಗುರುತು ಹಾಕಿಟ್ಟ ಪುಟದಿಂದ ಖಾತೆಗೆ ಹೋಗಿ ನೋಡಿ. ದೂರು ನಿಜವಾಗಿದ್ದರೆ ಅದು ಅಲ್ಲಿಯೂ ಕಾಣಿಸುತ್ತದೆ.

ಪಾಸ್‌ವರ್ಡ್ ಮತ್ತು ಅತಿಥಿಗಳ ದಾಖಲೆ

ಗೇಟಿನ ಫಲಕದ ಮೇಲಿರುವ ತೋಟದ ಹೆಸರು, ಮನೆತನದ ಹೆಸರು, ಕೆಎ 12ರಿಂದ ಆರಂಭವಾಗುವ ಜೀಪಿನ ಸಂಖ್ಯೆ, ಇವು ಯಾವುದೂ ಪಾಸ್‌ವರ್ಡ್ ಆಗಲು ಯೋಗ್ಯವಲ್ಲ, ಹಿಂದೆ ಒಂದು ಇಸವಿ ಸೇರಿಸಿದರೂ ಅಷ್ಟೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸೇರಿಸಿದ ಉದ್ದನೆಯ ಪಾಸ್‌ವರ್ಡ್, ವಿಚಿತ್ರ ಚಿಹ್ನೆಗಳ ಎಂಟಕ್ಷರದ ಪಾಸ್‌ವರ್ಡ್‌ಗಿಂತ ಗಟ್ಟಿ ಮತ್ತು ನೆನಪಿಡಲೂ ಸುಲಭ. ಕಾರಣವಿಲ್ಲದೆ ಮೂರು ತಿಂಗಳಿಗೊಮ್ಮೆ ಬದಲಾಯಿಸುವ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಮುಖ್ಯವಾದದ್ದು ಒಂದು ಖಾತೆಯ ಪಾಸ್‌ವರ್ಡ್ ಇನ್ನೊಂದಕ್ಕೆ ಇರಬಾರದೆಂಬುದು. ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಒಗ್ಗದ ಹಿರಿಯರು ಪುಸ್ತಕದಲ್ಲಿ ಬರೆದು ಅಲ್ಮೇರಾದಲ್ಲಿ ಬೀಗ ಹಾಕಿಡಲಿ, ದೂರದೇಶದ ಕಳ್ಳನಿಗೆ ಆ ಅಲ್ಮೇರಾ ಸಿಗುವುದಿಲ್ಲ. ಎರಡು ಹಂತದ ದೃಢೀಕರಣವನ್ನು ಮೊದಲು ಇಮೇಲ್‌ಗೆ, ನಂತರ ಬುಕಿಂಗ್ ಖಾತೆಗೆ ಹಾಕಿ, ಏಕೆಂದರೆ ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ಹೊಸದು ಮಾಡುವ ಲಿಂಕ್ ಬರುವುದು ಇಮೇಲ್‌ಗೇ. ಸಿಗ್ನಲ್ ಸಿಗದ ಕಡೆ ಎಸ್‌ಎಂಎಸ್ ಒಟಿಪಿಗಾಗಿ ಗುಡ್ಡ ಹತ್ತುವ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಬಹುದು, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ.

ಅತಿಥಿಗಳ ಗುರುತಿನ ಚೀಟಿಗಳ ಪ್ರತಿಗಳನ್ನು ಡೆಸ್ಕ್‌ಟಾಪಿನ ಮೇಲೆ ರಾಶಿ ಹಾಕುವುದು ಅಪಾಯಕರ. ಆಧಾರ್‌ನ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ಡ್ ಪ್ರತಿಯನ್ನು ಕೇಳಿ ಪಡೆಯಬಹುದು. ಕಾನೂನಿಗೆ ಬೇಕಾದಷ್ಟು ಕಾಲ ಇಟ್ಟು ಮಿಕ್ಕವನ್ನು ಅಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳನ್ನೂ ಸೇರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ಮಾಹಿತಿಯನ್ನು ಜೋಪಾನ ಮಾಡುವ ಹೊಣೆಯನ್ನು ಸಂಗ್ರಹಿಸಿದವರ ಮೇಲೇ ಹೊರಿಸುತ್ತದೆ.

ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಪ್ರಚಲಿತ ಸೂತ್ರ. ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ವಾರಕ್ಕೊಮ್ಮೆ ಪ್ರತಿ ಮಾಡಿ, ಮುಗಿದೊಡನೆ ತಂತಿ ಕಿತ್ತಿಡಬೇಕು. ಜೋಡಿಸಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಕಂಪ್ಯೂಟರಿನ ಜೊತೆಗೇ ಬೀಗ ಹಾಕುತ್ತದೆ, ಏಪ್ರಿಲ್ ಮೇ ತಿಂಗಳ ಸಿಡಿಲೂ ಬಿಡುವುದಿಲ್ಲ. ಇನ್ನೊಂದು ಡಿಸ್ಕ್ ಮೈಸೂರಿನಲ್ಲಿರುವ ಬಂಧುಗಳ ಮನೆಯಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ಕಂಡ ಜಿಲ್ಲೆಯಲ್ಲಿ ಇದರ ಕಾರಣ ವಿವರಿಸಬೇಕಾಗಿಲ್ಲ. ಹೊರಗೆ ಹೋಗುವ ಡಿಸ್ಕಿಗೆ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್‌ನಿಂದ ಗೂಢಲಿಪಿ ಹಾಕಿ. ವರ್ಷಕ್ಕೊಮ್ಮೆಯಾದರೂ ಒಂದು ಕಡತವನ್ನು ಬ್ಯಾಕಪ್‌ನಿಂದ ತೆಗೆದು ತೆರೆದು ನೋಡಿ.

ಕನ್ನ ಬಿದ್ದಿದೆ ಎಂಬ ಅನುಮಾನ ಬಂದರೆ

ಮೌಸ್ ತಾನಾಗಿ ಸರಿಯುವುದು, ಡಿಫೆಂಡರ್ ನೀವು ಮುಟ್ಟದೆಯೇ ಆಫ್ ಆಗಿರುವುದು, ನೀವು ಮಾಡದ ಲಾಗಿನ್ ಕುರಿತು ಮೇಲ್ ಬರುವುದು, ಕಡತಗಳ ಹೆಸರಿನ ಕೊನೆಯಲ್ಲಿ ಅಪರಿಚಿತ ಅಕ್ಷರಗಳು ಸೇರಿಕೊಳ್ಳುವುದು, ಇವು ಎಚ್ಚರಿಕೆಯ ಚಿಹ್ನೆಗಳು. ಕೂಡಲೇ ನೆಟ್‌ವರ್ಕ್ ತಂತಿ ಕಿತ್ತು ವೈಫೈ ಆಫ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಸ್ವಚ್ಛ ಸಾಧನದಿಂದ ಬದಲಾಯಿಸಿ, ಅದೇ ಕಂಪ್ಯೂಟರಿನಿಂದ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಕಳ್ಳನಿಗೇ ಹೋಗುತ್ತದೆ. ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ಒತ್ತಿ. ಲಾಗಿನ್ ಆಗಿರುವುದನ್ನು ತಾಣಕ್ಕೆ ನೆನಪಿಸುವ ಗುರುತುಗಳಾದ ಕುಕಿಗಳು ಕೈಯಲ್ಲಿರುವವರೆಗೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ಕರೆ ಮಾಡಿ, ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಹಿಡಿಸಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ ಮಾತ್ರ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಪರದೆಯ ಚಿತ್ರ, ಮೇಲ್, ವಹಿವಾಟಿನ ಸಂಖ್ಯೆಗಳನ್ನು ಅಳಿಸದೆ ಕೊಂಡೊಯ್ಯಿರಿ. ಕಡತಗಳಿಗೆ ಬೀಗ ಬಿದ್ದಿದ್ದರೆ ಹಣ ತೆರುವ ಯೋಚನೆಗೆ ಮುನ್ನ, ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಉಚಿತ ಕೀಲಿ ಇದೆಯೇ ನೋಡಿ. ಕಂಪ್ಯೂಟರನ್ನು ತೊಳೆದು ಉಳಿಸುವ ಸಾಹಸ ಬೇಡ, ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಅಪ್‌ಡೇಟ್‌ಗಳೆಲ್ಲ ಮುಗಿದು ಡಿಫೆಂಡರ್ ಆನ್ ಆದ ಮೇಲಷ್ಟೇ ಬ್ಯಾಕಪ್ ಡಿಸ್ಕನ್ನು ಜೋಡಿಸಿ, ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಕಡತಗಳನ್ನು ನಕಲು ಮಾಡಿಕೊಳ್ಳಿ.